ಷಟರಿನ ಮೇಲಿನ ಸಂಸಾರ

ಷಟರು ಯಾಕೆ ಎತ್ತಿಲ್ಲ ಎಂದು ಕೇಳಿದವರಿಗೆಲ್ಲ ಹಕ್ಕಿಯ ಸಂಗತಿ ಹೇಳಿ ಹೇಳಿ, ಅದು ತಾನೇ ಕಟ್ಟಿದ ಕತೆ ಇರಬಹುದೇನೋ ಎಂದು ಅವನಿಗೇ ಅನುಮಾನ ಬರತೊಡಗಿತ್ತು. ಕಟ್ಟಿದ ಕತೆಯೇನಲ್ಲ. ಅಂಗಡಿಯ ಬಾಗಿಲ ಮೇಲೆ, ಷಟರು ಸುತ್ತಿಕೊಳ್ಳುವ ಉರುಳೆಗೆ ಹೊದಿಸಿದ ತಗಡಿನ ಪೆಟ್ಟಿಗೆಯೊಳಗೆ, ಒಂದು ಜೋಡಿ ಗೊರವಂಕ ಗೂಡು ಮಾಡಿದ್ದು ನಿಜ. ಮರಿಯಾಗಿದ್ದೂ ನಿಜ. ಷಟರು ಎತ್ತಿದರೆ ತಗಡು ಉರುಳೆಗೆ ಸುತ್ತಿಕೊಳ್ಳುತ್ತ ದಪ್ಪವಾಗಿ ಗೂಡನ್ನು ಅರೆದುಹಾಕುತ್ತದೆ ಎಂಬುದಂತೂ ತಲೆಯೆತ್ತಿ ನೋಡಿದ ಯಾರಿಗಾದರೂ ಗೊತ್ತಾಗುವ ನಿಜ. ಆದರೂ ಇಷ್ಟನ್ನೂ ಒಟ್ಟಿಗೆ ಹೇಳುವಾಗ ಅವನ ದನಿ ರಜೆ ಕೇಳುವ ಹುಡುಗನ ದನಿಯ ಹಾಗೆ ತಗ್ಗುತ್ತಿತ್ತು. ಕೇಳಿದವರು ಪಾಪ, ಪುಣ್ಯದ ಕೆಲಸ ಎಂದು ತಲೆಯಾಡಿಸಿ ಹೋಗುತ್ತಿದ್ದರು. ಎದುರಿನ ಕ್ಷೌರದಂಗಡಿಯವನು ಮಾತ್ರ ಅಷ್ಟಕ್ಕೆ ಬಿಡುವ ಗಿರಾಕಿಯಲ್ಲ. ಈ ಶನಿವಾರ ಬೆಳಿಗ್ಗೆಯೂ, ಅವನು ಮುಂಬಾಗಿಲು ದಾಟಿ ಪಕ್ಕದ ಓಣಿಯ ಕಿರುಬಾಗಿಲಿನ ಕಡೆ ತಿರುಗುತ್ತಿದ್ದಾಗ, ಕ್ಷೌರದವನು ಹೊಸ್ತಿಲಲ್ಲಿ ನಿಂತು ಕತ್ತರಿಯನ್ನು ಗಾಳಿಯಲ್ಲಿ ಕಚಕಚ ಆಡಿಸುತ್ತ, ಮೇಲಿನ ಮನೆಯ ಬಾಣಂತಿ ಹೇಗಿದ್ದಾಳೆ ಎಂದು ವಿಚಾರಿಸಿದ. ಇವನು ಹಲ್ಲು ಕಿರಿದು ಚೆನ್ನಾಗಿದ್ದಾಳೆ ಎಂದ. ಕಿರುಬಾಗಿಲಿನ ಬೀಗ ತೆಗೆದು ಒಳಗೆ ಬಂದು, ಚಪ್ಪಲಿ ಬಿಟ್ಟು, ಮೆಷೀನಿನ ಮೇಲಿನ ಬಟ್ಟೆ ಸರಿಸುವ ಹೊತ್ತಿಗೆ ಸರಿಯಾದ ಉತ್ತರ ಹೊಳೆಯಿತು. ಅವನಿಗೆ ಉತ್ತರಗಳೆಲ್ಲ ಯಾವಾಗಲೂ ಒಳಗೆ ಬಂದ ಮೇಲೇ ಹೊಳೆಯುತ್ತಿದ್ದವು.

ಒಳಗೆ ಕತ್ತಲೆಯೂ ಅಲ್ಲದ ಬೆಳಕೂ ಅಲ್ಲದ ಒಂದು ಹೊತ್ತು ಇಡೀ ದಿನ ನಿಂತಿರುತ್ತಿತ್ತು. ಷಟರಿನ ಬುಡದ ಸಂದಿಯಿಂದ ಬೀಳುವ ಒಂದು ಗೆರೆ ಬಿಸಿಲು, ಅದರ ಮೇಲೆ ಹಾದುಹೋಗುವ ಕಾಲುಗಳ ನೆರಳು. ಗೋಡೆಯ ಮೊಳೆಯಲ್ಲಿ ಅಣ್ಣನ ಅಳತೆ ಟೇಪು ತೂಗುತ್ತಿತ್ತು. ಹೋಗುವ ದಿನ ಅಣ್ಣ ಅದನ್ನು ಕೊರಳಿಂದ ತೆಗೆದು ಅಲ್ಲಿ ಹಾಕಿದ್ದು. ಮರೆತು ಬಿಟ್ಟನೋ, ಬೇಕೆಂದೇ ಬಿಟ್ಟನೋ, ಇಷ್ಟು ವಾರವಾದರೂ ಇವನಿಗೆ ತೀರ್ಮಾನವಾಗಿಲ್ಲ. ಬೇಕೆಂದೇ ಬಿಟ್ಟಿದ್ದರೆ ಅದು ದಾನವೋ ಕುಚೋದ್ಯವೋ ಎಂಬುದು ಇನ್ನೊಂದು ಗಂಟು. ಹಾಸಿಗೆ ಅಂಗಡಿಯವರ ದಿಂಬಿನ ಕವರುಗಳ ರಾಶಿ ಮುಂದಿತ್ತು. ಷಟರು ಮುಚ್ಚಿಕೊಂಡೇ ಮಾಡಬಹುದಾದ ಕೆಲಸ ಅದೊಂದೇ. ಎಲ್ಲ ದಿಂಬೂ ಒಂದೇ ಅಳತೆ. ದಿಂಬಿಗೆ ಭುಜವಿಲ್ಲ, ಹೊಟ್ಟೆಯಿಲ್ಲ, ಕನ್ನಡಿಯ ಮುಂದೆ ನಿಂತು ಇಲ್ಲಿ ಸ್ವಲ್ಪ ಬಿಗಿ ಎನ್ನುವುದಿಲ್ಲ. ಹೊಲಿಯುತ್ತ ಹೋದರೆ ಆಯಿತು. ಮೇಲೆ ಮರಿಗಳು ಒಮ್ಮೆಲೇ ಚಿರ್ರೆಂದು ಕಿರುಚಿ ಒಮ್ಮೆಲೇ ಸುಮ್ಮನಾದವು. ತಿಂಡಿ ಬಂತೆಂದು ಲೆಕ್ಕ. ಪುಣ್ಯಾತ್ಮರು, ಬಾಯಿ ತೆರೆದರೆ ಸಾಕು, ಬರುತ್ತದೆ ಎಂದು ಅವನು ಗೊಣಗಿಕೊಂಡ.

ಅಣ್ಣ ಮುಂದೆ, ಅವನು ಹಿಂದೆ. ಅಪ್ಪ ಇಬ್ಬರನ್ನೂ ಕೂರಿಸಿದ ಕ್ರಮ ಅದು. ಅಣ್ಣ ಅಳತೆ ತೆಗೆದು ಕತ್ತರಿಸುವವನು, ಅವನು ಹೊಲಿಯುವವನು. ಬಂದವರ ಜೊತೆ ನಗುವುದು, ಕುರ್ಚಿ ಹಾಕುವುದು, ಮಗಳ ಓದು ಕೇಳುವುದು, ನಾಳೆ ಎಂದು ಹೇಳಿ ನಾಡಿದ್ದು ಕೊಡುವುದು, ಎಲ್ಲ ಅಣ್ಣನದು. ನಡುವೆ ಒಂದು ಪರದೆ. ಪರದೆಯ ಈಚೆಗೆ ಬರುತ್ತಿದ್ದದ್ದು ಕತ್ತರಿಸಿದ ಬಟ್ಟೆ ಮಾತ್ರ, ಅದರ ಮೇಲೆ ಅಣ್ಣನ ಸೀಮೆಸುಣ್ಣದ ಗುರುತುಗಳು. ಬಲಭುಜ ಇಳಿದಿದ್ದರೆ ಒಂದು ಓರೆ ಗೆರೆ. ಹೊಟ್ಟೆಗೆ ಅರ್ಧಚಂದ್ರ. ಬೆನ್ನು ಬಾಗಿದ್ದರೆ ಕೊಕ್ಕೆ. ತಕರಾರಿನ ಗಿರಾಕಿಯಾದರೆ ಮೂಲೆಯಲ್ಲಿ ಸಣ್ಣದೊಂದು ಅಡ್ಡಗುರುತು. ಊರಿನ ಅರ್ಧ ಜನ ಅವನಿಗೆ ಈ ಗುರುತುಗಳಲ್ಲೇ ಪರಿಚಯ. ಮುಖ ನೋಡಿದರೆ ಯಾರೆಂದು ತಿಳಿಯುತ್ತಿರಲಿಲ್ಲ. ಒಮ್ಮೆ ಬಸ್ಸಿನಲ್ಲಿ ಮುಂದಿನ ಸೀಟಿನ ಬೆನ್ನು ನೋಡಿ, ಓರೆ ಗೆರೆ ಮತ್ತು ಕೊಕ್ಕೆ, ಕಾಲರು ತನ್ನದೇ ಕೈಯದು ಎಂದು ಗೊತ್ತಾಗಿ ಖುಷಿಯಾಗಿ ಮಾತಾಡಿಸಬೇಕೆಂದುಕೊಂಡ. ಏನೆಂದು ಮಾತಾಡಿಸುವುದು? ನಿಮ್ಮ ಬಲಭುಜ ಇಳಿದಿದೆಯಲ್ಲ, ಅದನ್ನು ಮುಚ್ಚಿದವನು ನಾನು ಎಂದೇ? ಆ ಮನುಷ್ಯ ಇಳಿದು ಹೋಗುವವರೆಗೂ ಅವನು ಆ ಕಾಲರನ್ನೇ ನೋಡುತ್ತ ಕೂತಿದ್ದ.

ಅಣ್ಣ ಜ್ವರ ಬಂದು ಮಲಗಿದ ಒಂದು ದಿನ ಪರದೆ ಸರಿಸಿ ಮುಂದೆ ಬರಬೇಕಾಯಿತು. ಬಂದವನು ಬ್ಯಾಂಕಿನಲ್ಲಿ ಕೆಲಸ ಮಾಡುವ ದೊಡ್ಡ ದನಿಯ ಮನುಷ್ಯ, ಜೊತೆಗೆ ಇನ್ನಿಬ್ಬರು ಸ್ನೇಹಿತರು. ಅವನು ಟೇಪನ್ನು ಎದೆಯ ಸುತ್ತ ತಂದ. ಯಾರದೋ ಬೆವರಿನ, ಉಸಿರಿನ ಇಷ್ಟು ಹತ್ತಿರ ಹೋಗಿ ಅಭ್ಯಾಸವಿಲ್ಲದೆ ಕೈ ನಡುಗಿತು. ನಲವತ್ತೆರಡು ಬಂತು. ಇಷ್ಟು ವರ್ಷ ಅವನು ಅಳೆದದ್ದೆಲ್ಲ ಹೊಲಿದು ಮೇಜಿನ ಮೇಲೆ ಹಾಸಿದ ಅಂಗಿಗಳನ್ನು. ಹಾಸಿದ ಅಂಗಿಯ ಎದೆ ಅರ್ಧವೇ ಸಿಗುತ್ತದೆ, ಅದನ್ನು ಎರಡರಿಂದ ಗುಣಿಸಬೇಕು. ಕೈಗೆ ಬಂದ ಅಭ್ಯಾಸ ಬಾಯಿಗೂ ಬಂತು. ಎಂಬತ್ನಾಲ್ಕು ಎಂದು ಗಟ್ಟಿಯಾಗಿ ಹೇಳಿ ಬರೆದುಕೊಂಡ. ಆ ಮನುಷ್ಯ ತನ್ನ ಎದೆಯನ್ನು ತಾನೇ ಬಗ್ಗಿ ನೋಡಿಕೊಂಡು, "ಏನಪ್ಪಾ, ನನಗೆ ಅಂಗಿ ಹೊಲೀತೀಯೋ, ನೀರಿನ ಟ್ಯಾಂಕಿಗೆ ಹೊದಿಕೆ ಹೊಲೀತೀಯೋ?" ಎಂದ. ಸ್ನೇಹಿತರು ನಕ್ಕರು. ಕ್ಷೌರದಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದವನೂ ನಕ್ಕ. ಆವತ್ತಿನಿಂದ ಬೀದಿಯಲ್ಲಿ ಅವನ ಹೆಸರು ಎಂಬತ್ನಾಲ್ಕು. ಹೆಂಡತಿಯ ಕಿವಿಗೂ ಬಿದ್ದಿದೆ. ಅವಳು ಕರೆಯುವುದಿಲ್ಲ, ಆದರೆ ತರಕಾರಿಯವನು ಎಂಬತ್ನಾಲ್ಕು ಎಂದು ಬೆಲೆ ಹೇಳಿದಾಗ ಅವಳು ತುಟಿ ಕಚ್ಚಿಕೊಂಡದ್ದನ್ನು ಅವನು ನೋಡಿದ್ದಾನೆ.

ಜಗಳವಾದದ್ದು ಬೋರ್ಡಿನ ಮೇಲೆ. ಬಣ್ಣ ಮಾಸಿತ್ತು, ಹೊಸದಾಗಿ ಬರೆಸಬೇಕಿತ್ತು. ತನ್ನ ಹೆಸರನ್ನೂ ಸೇರಿಸು ಎಂದು ಅವನು ಕೇಳಿದ. ಕೇಳುವುದಕ್ಕೆ ಮೊದಲು ಮನಸ್ಸಿನಲ್ಲೇ ನೂರು ಸಲ ಕೇಳಿದ್ದರಿಂದ, ಬಾಯಿಗೆ ಬರುವಾಗ ಅದಾಗಲೇ ಜಗಳದ ದನಿಯಲ್ಲಿತ್ತು. ಅಣ್ಣ ನಕ್ಕು, ಹಾಕಿಸೋಣ ಬಿಡೋ, ಆದರೆ ನಿನ್ನನ್ನು ಕೇಳಿಕೊಂಡು ಬರುವವರು ಯಾರಿದ್ದಾರೆ ಎಂದ. ತಮಾಷೆಗೇ ಅಂದಿರಬೇಕು. ಅವನು ಮಾತ್ರ, ಕ್ಷೌರದವನು ಕೇಳಲಿ ಎಂಬಂತೆ ದನಿಯೆತ್ತಿ, ನನ್ನ ಹೊಲಿಗೆ ಇಲ್ಲದಿದ್ದರೆ ನಿನ್ನ ಗೆರೆ ಬರೀ ಸುಣ್ಣ, ನೀನು ಹೋದರೂ ಈ ಅಂಗಡಿ ನಡೆಯುತ್ತದೆ, ನಡೆಸಿ ತೋರಿಸುತ್ತೇನೆ ಎಂದುಬಿಟ್ಟ. ಅಣ್ಣ ಜಗಳಕ್ಕೆ ಬರಲಿಲ್ಲ. ಒಂದು ವಾರ ಸುಮ್ಮನಿದ್ದು, ಹೊಸ ಮಾರುಕಟ್ಟೆಯ ಕಡೆ ಸಣ್ಣದೊಂದು ಮಳಿಗೆ ಹಿಡಿದು, ಇಬ್ಬರು ಹೊಲಿಯುವವರನ್ನು ಇಟ್ಟುಕೊಂಡು ಹೋಗಿಯೇಬಿಟ್ಟ. ಬಡವನ ಸಿಟ್ಟು ದವಡೆಗೆ ಮೂಲ ಎಂದು ಹೆಂಡತಿ ಅಂದಳು. ನಾಳೆ ತೆರೆಯುತ್ತೇನೆ, ಸೋಮವಾರ ತೆರೆಯುತ್ತೇನೆ ಎಂದು ಅವನು ದಿನ ದೂಡುತ್ತಿದ್ದಾಗ, ಎತ್ತದ ಷಟರಿನ ಮೇಲೆ ಎರಡು ಗೊರವಂಕಗಳು ಒಣಹುಲ್ಲು, ಪ್ಲಾಸ್ಟಿಕ್ ಎಳೆ, ಯಾರದೋ ತಲೆಕೂದಲು ಕಚ್ಚಿಕೊಂಡು ಒಳಗೆ ನುಗ್ಗುವುದು ಕಂಡಿತು. ಕಂಡಾಗ ಆದದ್ದು ಕರುಣೆಯಲ್ಲ, ನಿರಾಳ. ಅದು ನಿರಾಳವೇ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದದ್ದೇ ತೊಂದರೆ.

ಮೊದಮೊದಲು ಎರಡೂ ಒಂದೇ ಥರ ಕಾಣುತ್ತಿದ್ದವು. ಅದೇ ಕಂದು ಮೈ, ಅದೇ ಹಳದಿ ಕಾಲು, ಕಣ್ಣ ಸುತ್ತ ಅದೇ ಹಳದಿ ಪಟ್ಟಿ. ಆಮೇಲೆ ಒಂದರ ತಲೆಯ ಗರಿ ಉದುರಿ ಬೋಳಾಗಿದ್ದು ಕಂಡು ಅದನ್ನು ಬೋಳ ಎಂದು ಕರೆದ. ಬೋಳ ಬೋರ್ಡಿನ ಮೇಲೆ ಎದೆಯುಬ್ಬಿಸಿ ಕೂತು ಬೀದಿಗೆಲ್ಲ ಕೇಳುವ ಹಾಗೆ ಬೊಬ್ಬೆ ಹೊಡೆಯುವುದು, ಕಾಗೆ ಬಂದರೆ ಗದರಿಸುವುದು, ತಲೆ ಕುಣಿಸುವುದು, ಸಿಳ್ಳೆ ಹಾಕುವುದು. ಇನ್ನೊಂದು ಸದ್ದಿಲ್ಲದೆ ಒಳಗೆ ಹೊರಗೆ ಓಡಾಡುವುದು. ನೋಡುತ್ತ ನೋಡುತ್ತ ಯಾರು ಯಾರೆಂದು ಅವನಿಗೆ ಹೊಳೆದುಬಿಟ್ಟಿತು, ಹೊಳೆದ ಮೇಲೆ ಮತ್ತೆ ಬೇರೆ ಥರ ನೋಡುವುದು ಆಗಲಿಲ್ಲ. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಎಂದು ಬೋಳನ ಕಡೆ ನೋಡಿ ಹೇಳುತ್ತಿದ್ದ. ದುಡಿಯುವುದು ಒಬ್ಬರು, ಬೋರ್ಡಿನ ಮೇಲೆ ಕೂರುವುದು ಒಬ್ಬರು. ಕತ್ತರಿಸುವ ಮೇಜಿನ ಮೇಲೆ ಸ್ಟೂಲು ಇಟ್ಟು ಹತ್ತಿ, ಪೆಟ್ಟಿಗೆಯ ತಗಡು ಗೋಡೆಗೆ ಸೇರುವಲ್ಲಿನ ಸಂದಿಗೆ ಕಣ್ಣಿಟ್ಟರೆ ಗೂಡು ಕಾಣುತ್ತಿತ್ತು. ಹುಲ್ಲಿನ ನಡುವೆ ದಿಂಬಿನ ಕವರಿನ ನೀಲಿ ಚೂರೊಂದು. ಯಾವಾಗ ಕದ್ದವೋ. ಮೂರು ಮರಿ, ಮೂರು ಹಳದಿ ಬಾಯಿ. ಅವನ ನೆರಳು ಬಿದ್ದರೂ ತಿಂಡಿ ಎಂದು ಬಾಯಿ ತೆರೆಯುತ್ತಿದ್ದವು, ಮೂರನೆಯದು ಸ್ವಲ್ಪ ತಡವಾಗಿ.

ಮಧ್ಯಾಹ್ನ ಹೆಂಡತಿ ಬುತ್ತಿ ತಂದಳು. ದೀಪ ಹಾಕಿದಳು, ಅವನು ಹಾಕಿರಲಿಲ್ಲ. ಅವನು ಉಣ್ಣುವಾಗ ಅವಳು ದಿಂಬಿನ ಕವರುಗಳನ್ನು ಮಡಿಸುತ್ತ, ಒಂದೊಂದು ಮಡಿಕೆಗೆ ಒಂದೊಂದು ಮಾತಿನಂತೆ, ಶಾಲೆ ತೆರೆಯುವ ದಿನ ಹತ್ತಿರ ಬಂತು, ಸಮವಸ್ತ್ರದ ಕೆಲಸ ಪ್ರತಿವರ್ಷ ಈ ಅಂಗಡಿಗೇ ಬರುತ್ತಿತ್ತು, ಆ ಒಂದು ಕೆಲಸದಲ್ಲೇ ಅರ್ಧ ವರ್ಷದ ಸಂಸಾರ ನಡೆಯುತ್ತಿತ್ತು, ಈ ಸಲ ಅದು ಹೊಸ ಮಾರುಕಟ್ಟೆಯ ಕಡೆ ಹೋದರೆ ಮುಂದಿನ ವರ್ಷ ಅವರು ಈ ಬೀದಿಗೆ ತಿರುಗಿಯೂ ನೋಡುವುದಿಲ್ಲ ಎಂದಳು. ಅವನು ಮೇಲೆ ನೋಡಿದ. ಅವಳಿಗೆ ಅದೇ ಸಾಕಾಯಿತು.

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದಳಂತೆ. ಅವಳಿಗೆ ನೆಲಾನಾದ್ರೂ ಬೇಕಾಗಿತ್ತು. ನಿಮಗೆ ತಲೆ ಮೇಲೊಂದು ಹಕ್ಕಿ ಇದ್ರೆ ಸಾಕು."

ಜೀವ ಕಣೇ ಅವು ಎಂದ ಅವನು. ತನ್ನ ದನಿ ತನಗೇ ನಾಟಕದವರ ದನಿಯಂತೆ ಕೇಳಿಸಿತು. ಜೀವ ಅಲ್ಲ ಅಂತ ನಾನೆಲ್ಲಿ ಅಂದೆ, ನಾನೂ ಒಂದು ಜೀವಾನೇ ಎಂದಳು ಅವಳು, ಅಳುವ ದನಿಯಲ್ಲಲ್ಲ, ಕವರಿನ ಮೂಲೆ ಸರಿಮಾಡುತ್ತ, ಯಾವುದೋ ಮರೆತ ಸಾಮಾನು ನೆನಪಾದ ಹಾಗೆ. ಆಮೇಲೆ ಅವಳು, ಅಳತೆ ತೆಗೆಯುವುದಕ್ಕೆ ಹೆದರಿಕೆಯಾಗುವುದಾದರೆ ನನ್ನ ಮೇಲೇ ಅಭ್ಯಾಸ ಮಾಡಿ, ನಾನು ನಿಲ್ಲುತ್ತೇನೆ ಎಂದಳು. ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅವನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಹೆದರಿಕೆಯಂತೆ ಹೆದರಿಕೆ, ಯಾರಿಗೆ ಹೆದರಿಕೆ ಎಂದು ಕೂಗಿದ. ಮೇಲೆ ಮರಿಗಳು ತಟ್ಟನೆ ಸುಮ್ಮನಾದವು. ಅವಳು ಬುತ್ತಿಯ ಡಬ್ಬಿ ಒಂದರೊಳಗೊಂದು ಜೋಡಿಸಿಕೊಂಡು, ದೀಪ ಆರಿಸದೆ ಹೋದಳು. ಅವಳ ಎದುರು ಟೇಪು ಹಿಡಿದು ನಿಂತರೆ ಎಂಬತ್ನಾಲ್ಕು ಎಂಬ ಸಂಖ್ಯೆ ಇಬ್ಬರ ತಲೆಯಲ್ಲೂ ಒಟ್ಟಿಗೇ ಬರುತ್ತದೆ, ಇಬ್ಬರೂ ಅದನ್ನು ನುಂಗಿಕೊಳ್ಳಬೇಕಾಗುತ್ತದೆ. ಅಷ್ಟು ಇವಳಿಗೆ ಗೊತ್ತಾಗಬಾರದೇ?

ಹೊಲಿಯುವುದಕ್ಕೆ ಮನಸ್ಸು ಬಾರದೆ ಓಣಿಯ ಬಾಯಿಗೆ ಬಂದು ಗೋಡೆಗೊರಗಿ ಮೇಲೆ ನೋಡುತ್ತ ನಿಂತ. ಬೋಳ ಎಂದಿನಂತೆ ಬೋರ್ಡಿನ ಮೇಲಿತ್ತು. ಕೂಗಿಗೆ ಬಾಯಿ ಸಾಲದು ಎಂಬ ಹಾಗೆ ಕೂಗುತ್ತಿತ್ತು. ಸದ್ದಿಲ್ಲದ್ದು ಒಂದು ಹುಳ ತಂದು ಒಳಗೆ ಕೊಟ್ಟು ಹಾರಿಹೋಯಿತು. ಆಗ ಬೋಳ ಕೂಗು ನಿಲ್ಲಿಸಿ, ಸಂದಿಯೊಳಗೆ ತಲೆ ತೂರಿಸಿ, ಹೊರಗೆ ಬರುವಾಗ ಕೊಕ್ಕಿನಲ್ಲಿ ಬಿಳಿಯ ಏನನ್ನೋ ಹಿಡಿದಿತ್ತು. ಮರಿಗಳ ಹಿಕ್ಕೆ. ಅದನ್ನು ಕಚ್ಚಿಕೊಂಡು ಬೀದಿಯಾಚೆಗೆ ಹೋಗಿ, ಬಿಸಾಡಿ, ಕೊಕ್ಕನ್ನು ತಂತಿಗೆ ಎರಡೂ ಕಡೆ ಉಜ್ಜಿ, ಬಂದು ಮತ್ತೆ ಬೋರ್ಡಿನ ಮೇಲೆ ಕೂತು ಕೂಗತೊಡಗಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಒಳಗೆ, ಮತ್ತೆ ಬಿಳಿಯದು. ಸದ್ದಿಲ್ಲದ್ದು ಒಮ್ಮೆಯೂ ಆ ಕೆಲಸ ಮಾಡಲಿಲ್ಲ. ಇಷ್ಟು ದಿನ ಅವನು ನೋಡುತ್ತಲೇ ಇದ್ದ, ಇದೊಂದು ಕಣ್ಣಿಗೆ ಬಿದ್ದಿರಲಿಲ್ಲ, ಅಥವಾ ಬಿದ್ದರೂ ಬೇಡವಾಗಿತ್ತು. ಅವನಿಗೆ ಬೋಳನ ಮೇಲೆ ಕೆಟ್ಟ ಸಿಟ್ಟು ಬಂತು. ನಿನಗೆ ಯಾರು ಹೇಳಿದರು ಈ ಕೆಲಸ ಮಾಡು ಅಂತ?

ಅಣ್ಣನ ಪ್ಯಾಂಟುಗಳ ಮೊಣಕಾಲು ನೆನಪಾಯಿತು. ಬೇರೆಲ್ಲ ಗಟ್ಟಿಯಿರುವಾಗ ಮೊಣಕಾಲಿನ ಹತ್ತಿರ ಬಟ್ಟೆ ಮೊದಲು ಹೊಳಪಾಗಿ, ಆಮೇಲೆ ತೆಳುವಾಗಿ, ಆಮೇಲೆ ಎಳೆ ಬಿಡುತ್ತಿತ್ತು. ತಿಂಗಳಿಗೊಮ್ಮೆ ಅತ್ತಿಗೆ ಕಳಿಸುತ್ತಿದ್ದಳು, ಅವನು ಒಳಗಿನಿಂದ ತೇಪೆ ಹಾಕಿ ಕೊಡುತ್ತಿದ್ದ, ಹೊರಗೆ ಕಾಣದ ಹಾಗೆ. ಅಂಥ ತೇಪೆ ಹಾಕುವವರು ಊರಲ್ಲಿ ಇನ್ನೊಬ್ಬರಿಲ್ಲ ಎಂದು ಹೆಮ್ಮೆಪಡುತ್ತ. ಮೊಣಕಾಲೇ ಯಾಕೆ ಸವೆಯುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಬಾಯಿ ತುಂಬ ಗುಂಡುಸೂಜಿ ಇಟ್ಟುಕೊಂಡು, ಬಂದವರ ಕಾಲ ಬುಡದಲ್ಲಿ ಮಂಡಿಯೂರಿ, ಅವರ ಚಪ್ಪಲಿಯ ಧೂಳಿನ ಹತ್ತಿರ ಮುಖ ತಂದು, ಇಷ್ಟು ಉದ್ದ ಸಾಕೇ ಎಂದು ಸೂಜಿಗಳ ಸಂದಿಯಿಂದಲೇ ಕೇಳುತ್ತಿದ್ದ ಅಣ್ಣ. ಆ ಬ್ಯಾಂಕಿನವನ ಕಾಲ ಬುಡದಲ್ಲೂ ಕೂತಿದ್ದಾನೆ. ನೀರಿನ ಟ್ಯಾಂಕಿನ ಮಾತಿಗಿಂತ ಹೆಚ್ಚಿನದನ್ನೇ ಕೇಳಿಸಿಕೊಂಡಿದ್ದಾನೆ, ಪರದೆಯ ಈಚೆಗೂ ಕೇಳುತ್ತಿತ್ತು. ಅಣ್ಣ ನಗುತ್ತಿದ್ದ, ಆ ನಗು ಕೇಳಿ ಇವನು ಒಳಗೆ, ನೋಡು, ಇವನಿಗೇನು, ಹಲ್ಲು ಕಿರಿಯುತ್ತ ಕಾಲ ಕಳೆಯುತ್ತಾನೆ ಎಂದು ಮೆಷೀನು ಜೋರಾಗಿ ತುಳಿಯುತ್ತಿದ್ದ. ಗೋಡೆಗೊರಗಿ ನಿಂತಿದ್ದವನಿಗೆ ತನ್ನದೇ ಮನೆಯಿಂದ ಯಾರೋ ಸಾಮಾನು ಹೊತ್ತುಕೊಂಡು ಹೋದಂತೆ ಅನಿಸಿತು. ಅಣ್ಣನ ಮೇಲಿನ ಸಿಟ್ಟು ಒಂದಾದರೂ ತನ್ನದಾಗಿತ್ತು. ಈಗ ಅದನ್ನೂ ಇಟ್ಟುಕೊಳ್ಳುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ. ಅಷ್ಟರಲ್ಲಿ ಮೇಲೆ ಗಲಾಟೆಯಾಯಿತು. ಒಂದು ಮರಿ ಸಂದಿಯಿಂದ ಹೊರಗೆ ಬಿದ್ದ ಹಾಗೆ ಬಂದು, ರೆಕ್ಕೆ ಬಡಿದು, ಹೇಗೋ ತಂತಿ ತಲುಪಿತು. ಸಂಜೆಯೊಳಗೆ ಇನ್ನೊಂದು. ಮೂರನೆಯದು ಗೂಡಿನ ಬಾಗಿಲಿಗೆ ಬಂದು ಬೀದಿ ನೋಡಿ ಒಳಗೆ ಹೋಯಿತು.

ಅದೇ ಸಂಜೆ ಶಾಲೆಯ ಡ್ರಿಲ್ ಮೇಷ್ಟ್ರು ಮನೆಗೇ ಬಂದರು. ಕೊರಳಲ್ಲಿ ಸೀಟಿ, ಕೂತ ಕುರ್ಚಿಯಲ್ಲೂ ನೆಟ್ಟಗೆ. ಹೆಂಡತಿ ಚಹ ತಂದಿಟ್ಟು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಸಮವಸ್ತ್ರದ ಮಾತು ಎಲ್ಲಿಗೆ ಬಂತು ಎಂದು ಕೇಳುವುದಕ್ಕೆ ಅವನೇ ಹೋಗಬೇಕಿತ್ತು, ಹೋಗಿರಲಿಲ್ಲ. ಮೇಷ್ಟ್ರು ಹೊಸ ಮಾರುಕಟ್ಟೆಗೆ ಹೋಗಿ ಬಂದದ್ದನ್ನು ಮುಚ್ಚಿಡದೆ ಹೇಳಿದರು.

"ನಿಮ್ಮ ಅಣ್ಣನವರೇ ಕಳಿಸಿದ್ದು. ಮೊದಲು ನಮ್ಮ ತಮ್ಮನ್ನ ಕೇಳಿ, ಅದು ಅವನ ಅಂಗಡಿ ಕೆಲಸ, ಅವನ ಕೈಲಿ ಆಗಲ್ಲ ಅಂದ್ರೆ ಮಾತ್ರ ನನ್ನ ಹತ್ರ ಬನ್ನಿ ಅಂದ್ರು."

ಬಿಟ್ಟುಕೊಟ್ಟಿದ್ದಾನೆ. ಕೆಲಸವನ್ನೂ ಬಿಟ್ಟುಕೊಟ್ಟಿದ್ದಾನೆ, ಟೇಪು ಬಿಟ್ಟ ಹಾಗೆ. ಕೈಲಿ ಆಗಲ್ಲ ಅಂದ್ರೆ. ಅಣ್ಣ ಅದನ್ನು ಹೇಳುವಾಗ ಹೇಗೆ ನಕ್ಕಿರಬಹುದು ಎಂದು ಅವನು ಊಹಿಸಲು ನೋಡಿದ; ನಗುವೇ ಕಾಣಲಿಲ್ಲ, ಬಗ್ಗಿದ ಬೆನ್ನು ಮಾತ್ರ ಕಂಡಿತು. ಷಟರು ಇನ್ನೂ ಎತ್ತಿಲ್ಲವಂತಲ್ಲ, ಹಕ್ಕಿ ಏನೋ ಇದೆ ಅಂದರು ಎಂದು ಮೇಷ್ಟ್ರು ಕೇಳಿದರು, ತುಟಿಯ ಕೊನೆಯಲ್ಲಿ ಕ್ಷೌರದಂಗಡಿಯ ನಗು ಸ್ವಲ್ಪ ಅಂಟಿಸಿಕೊಂಡು. ಚೌಕಟ್ಟಿನ ಮೇಲೆ ಹೆಂಡತಿಯ ಬೆರಳು ಬಿಗಿಯಾದದ್ದು ಕಂಡಿತು. "ಮರಿ ಎಲ್ಲಾ ಹಾರಿ ಹೋದವು, ಇವತ್ತೇ. ಸೋಮವಾರ ಮಕ್ಕಳನ್ನ ಕರ್ಕೊಂಡು ಬನ್ನಿ" ಎಂದ ಅವನು. ಅಷ್ಟು ಸಲೀಸಾಗಿ ಮಾತು ಅವನ ಬಾಯಿಂದ ಹಿಂದೆಂದೂ ಬಂದಿರಲಿಲ್ಲ. ಎರಡು ಹಾರಿವೆ, ಮೂರನೆಯದು ನಾಳೆ ಹಾರುತ್ತದೆ, ಹೇಳುವುದರಲ್ಲಿ ಒಂದು ದಿನ ಆಚೀಚೆ, ಅಷ್ಟೇ. ಆ ರಾತ್ರಿ ಊಟಕ್ಕೆ ಬಡಿಸುವಾಗ ಹೆಂಡತಿ ಕೇಳದೆಯೇ ಇನ್ನೊಂದು ಸಲ ಬಡಿಸಿದಳು.

ಭಾನುವಾರ ಮೂರನೆಯದು ಹಾರಲಿಲ್ಲ. ಅವನು ಬೆಳಿಗ್ಗೆಯೇ ಬಂದು ಸ್ಟೂಲು ಹತ್ತಿದ. ಮರಿಗೆ ಗರಿಯೆಲ್ಲ ಬಂದಿತ್ತು, ಬಾಲ ಮೊಂಡು. ಹೊರಗೆ ತಂತಿಯ ಮೇಲಿಂದ ಬೋಳ ಕರೆದೇ ಕರೆಯಿತು. ಹುಳವನ್ನು ಸಂದಿಯ ತನಕ ತಂದು ತೋರಿಸಿ, ಕೊಡದೆ ಹಿಂದೆ ಸರಿದು, ಬಾ ಎನ್ನುವುದು. ಮರಿ ಬಾಗಿಲ ತನಕ ಬರುವುದು, ಕತ್ತು ಉದ್ದ ಮಾಡುವುದು, ಬೀದಿಯಲ್ಲೊಂದು ಸ್ಕೂಟರಿನ ಸದ್ದಾದರೆ ಒಳಗೆ ಓಡುವುದು. ಕೊನೆಗೆ ಬೋಳನೇ ಸೋತು ಹುಳ ಕೊಟ್ಟುಬಿಡುತ್ತಿತ್ತು. ಕೊಡಬೇಡವೋ, ಕೊಟ್ಟರೆ ಅದು ಯಾಕೆ ಬರುತ್ತದೆ ಎಂದು ಅವನು ಕೆಳಗಿನಿಂದ ಬೈದ. ಹಾರು, ದರಿದ್ರದ್ದೇ, ಹಾರು. ಸಂದಿಯಲ್ಲಿ ಅಡಿಕೋಲು ತೂರಿಸಿ ಮೆತ್ತಗೆ ತಳ್ಳಿ ನೋಡಿದ. ಮರಿ ಕೋಲಿನ ಕಡೆಗೇ ಬಾಯಿ ತೆರೆಯಿತು. ಕೈ ಹಾಕಿದ, ಬೆರಳಿಗೆ ಬಿಸಿಯಾದ ಏನೋ ತಾಕಿತು, ಟಪಟಪ ಹೊಡೆದುಕೊಳ್ಳುವ ಏನೋ, ತಾಕಿದ ಕೂಡಲೇ ಉರುಳೆಯ ಆಚೆ ಮೂಲೆಗೆ ಸರಿದು ಕೈಗೆ ಸಿಗದಾಯಿತು. ಪೆಟ್ಟಿಗೆಯ ತಗಡು ಬಿಚ್ಚಿದರೆ ಎರಡು ನಿಮಿಷದ ಕೆಲಸ. ಅದಕ್ಕೆ ಹೊರಗಿನಿಂದ ಏಣಿ ಹಾಕಬೇಕು, ಏಣಿ ಇರುವುದು ಕ್ಷೌರದವನ ಹತ್ತಿರ. ಎಲ್ಲಾ ಹಾರಿದವು ಅಂದೆಯಂತಲ್ಲ ಎಂದು ಅವನು ಕೇಳುತ್ತಾನೆ, ಕೇಳಿ ಏಣಿ ಕೊಡುತ್ತಾನೆ, ಕೊಟ್ಟು ನಾಳೆ ಬೆಳಿಗ್ಗೆಯೊಳಗೆ ಊರಿಗೆಲ್ಲ ಹಂಚುತ್ತಾನೆ. ಇವನು ಓಣಿಯ ಬಾಯಿಯ ತನಕ ಹೋದ. ಕ್ಷೌರದವನು ಯಾರದೋ ಗಲ್ಲ ಹಿಡಿದು ಎತ್ತಿದ್ದವನು ಕನ್ನಡಿಯೊಳಗಿನಿಂದಲೇ ಹುಬ್ಬು ಹಾರಿಸಿ ಏನು ಎಂದ. ಏನಿಲ್ಲ ಎಂದು ಇವನು ವಾಪಸು ಬಂದ. ನಾಳೆ ಬೆಳಿಗ್ಗೆ ಬೇಗ ಹಾರುತ್ತದೆ ಎಂದುಕೊಂಡ. ಹಸಿವಾದರೆ ಹಾರುತ್ತದೆ.

ಸೋಮವಾರ ಅವನು ಬರುವ ಹೊತ್ತಿಗೆ ಮಕ್ಕಳು ಷಟರಿನ ಮುಂದೆ ಸಾಲಾಗಿ ನಿಂತಿದ್ದರು. ಒಳಗೆ ಹೋಗಿ ಒಮ್ಮೆ ನೋಡಿ ಬರೋಣವೆಂದರೆ ಹೆಂಡತಿ ಆಗಲೇ ಕಿರುಬಾಗಿಲಿನಿಂದ ಹೋಗಿ ಗುಡಿಸಿ, ಕುರ್ಚಿ ಒರೆಸಿ, ಬೀಗದ ಕೈ ಹಿಡಿದುಕೊಂಡು ಹೊರಗೆ ಬಂದು ನಿಂತಿದ್ದಳು. ಒಗೆದ ಸೀರೆ ಉಟ್ಟಿದ್ದಳು. ಮೊಳೆಯಿಂದ ತೆಗೆದು ತಂದಿದ್ದ ಅಣ್ಣನ ಟೇಪನ್ನು ಮಕ್ಕಳ ಎದುರಿಗೇ ಅವನ ಕೊರಳಿಗೆ ಹಾಕಿ, ಸರಿಮಾಡಿದಳು. ಬೋಳ ಬೋರ್ಡಿನ ಮೇಲೆ ಇರಲಿಲ್ಲ. ಇನ್ನೊಂದೂ ಇರಲಿಲ್ಲ. ಹಾರಿರಬಹುದು. ಅವನು ಕಿವಿಗೊಟ್ಟ, ಮಕ್ಕಳ ಗದ್ದಲದಲ್ಲಿ ಏನೂ ಕೇಳಿಸಲಿಲ್ಲ. ಡ್ರಿಲ್ ಮೇಷ್ಟ್ರು ಸೀಟಿ ಊದಿದರು, ಗದ್ದಲ ನಿಂತಿತು, ಆ ನಿಶ್ಶಬ್ದದಲ್ಲಿ ಪೆಟ್ಟಿಗೆಯೊಳಗಿನಿಂದ ಒಂದೇ ಒಂದು ಸಲ, ಪ್ರಶ್ನೆ ಕೇಳಿದ ಹಾಗೆ, ಚಿರ್ ಎಂದಿತು. ಬೇರೆ ಯಾರೂ ತಲೆಯೆತ್ತಲಿಲ್ಲ. ಅವರಿಗೆ ಅದು ಹೊಸ ಸದ್ದೇ ಅಲ್ಲ, ಬೀದಿಯಲ್ಲಿ ದಿನಕ್ಕೆ ಸಾವಿರ ಹಕ್ಕಿ ಕೂಗುತ್ತವೆ.

"ಎಲ್ಲಾ ಹೋಗಿದಾವಲ್ವಾ?" ಹೆಂಡತಿ ಕೇಳಿದಳು, ಮೆಲ್ಲಗೆ, ಅವನಿಗೆ ಮಾತ್ರ ಕೇಳುವಷ್ಟು.

ಈಗ ಹೇಳಬಹುದಿತ್ತು. ಒಂದಿದೆ ಎಂದರೆ ಅವಳು ಬೈಯುತ್ತಿರಲಿಲ್ಲ. ಅದೇ ಕಷ್ಟ, ಅವಳು ಬೈಯುತ್ತಿರಲಿಲ್ಲ. ಕೊರಳಿನ ಟೇಪನ್ನು ನೋಡುತ್ತಿದ್ದಳು, ಅಷ್ಟೇ. ಒಂದಿದೆ ಎಂದಿದ್ದರೆ ಮೇಷ್ಟ್ರು ಸರಿ ಬಿಡಿ ಎಂದು ಮಕ್ಕಳನ್ನು ಸಾಲಾಗಿಯೇ ತಿರುಗಿಸಿ ಹೊಸ ಮಾರುಕಟ್ಟೆಯ ಕಡೆ ನಡೆಸಿಬಿಡುತ್ತಿದ್ದರು. ಎದುರಿನ ಹೊಸ್ತಿಲಲ್ಲಿ ಕತ್ತರಿ ಕಚಕಚ ಎನ್ನುತ್ತಿತ್ತು. ಹೋಗಿವೆ ಎಂದ ಅವನು. ಎರಡೂ ಬೀಗ ತೆಗೆದ. ಬಗ್ಗಿ ಹಿಡಿಕೆಗೆ ಕೈ ಹಾಕಿದ. ಇಷ್ಟು ವಾರ ಮುಚ್ಚಿದ್ದ ಷಟರು ಮಂಡಿಯ ಎತ್ತರದ ತನಕ ಕಿರುಗುಟ್ಟುತ್ತ ಬಂದು ಅಲ್ಲಿ ನಿಂತಿತು. ತುಕ್ಕು ಹಿಡಿದಿದೆ, ನಾನೂ ಕೈ ಹಾಕಲಾ ಎಂದು ಮೇಷ್ಟ್ರು ಮುಂದೆ ಬಂದರು. ಬೇಡ, ನಾನೇ ಎತ್ತುತ್ತೇನೆ ಎಂದ. ಭುಜ ಕೊಟ್ಟು ಒತ್ತಿದ. ಮೆತ್ತಗಿನ ಒಂದು ತಡೆ ಕೈಯವರೆಗೆ ಬಂತು, ದಪ್ಪ ಬಟ್ಟೆಯ ನಾಲ್ಕು ಪದರದ ಮೇಲೆ ಸೂಜಿ ತಡೆಯುವ ಹಾಗೆ, ಆಮೇಲೆ ದಾಟಿತು. ಷಟರು ಗಡಗಡ ಎಂದು ಪೂರ್ತಿ ಮೇಲೆ ಹೋಯಿತು. ಆ ಸದ್ದಿನಲ್ಲಿ ಬೇರೆ ಏನೂ ಕೇಳುವಂತಿರಲಿಲ್ಲ. ಬೆಳಕು ಒಮ್ಮೆಲೇ ಒಳಗೆ ನುಗ್ಗಿ ಮೆಷೀನು, ಮೇಜು, ಕನ್ನಡಿ ಎಲ್ಲದರ ಮೇಲೂ ಬಿತ್ತು. ಮೇಲಿಂದ ಸ್ವಲ್ಪ ಹುಲ್ಲು, ನೀಲಿ ಬಟ್ಟೆಯ ಚೂರು ಉದುರಿದವು. ಹೆಂಡತಿ ಅಯ್ಯೋ, ಈಗ ತಾನೆ ಗುಡಿಸಿದ್ದೆ ಎಂದು ನಗುತ್ತ ಪೊರಕೆ ತಂದಳು.

ಮೊದಲನೆಯ ಹುಡುಗಿ ಬಂದು ನಿಂತಳು. ಎದೆ, ಇಪ್ಪತ್ತಾರು. ಇಪ್ಪತ್ತಾರೇ. ಹೆಂಡತಿ ಬರೆದುಕೊಂಡಳು. ಕೈ ನಡುಗುತ್ತದೆಂದು ಕಾದ, ನಡುಗಲಿಲ್ಲ. ಭುಜ, ತೋಳು, ಸೊಂಟ. ಟೇಪು ತನ್ನಷ್ಟಕ್ಕೆ ತಾನೇ ಓಡಾಡುವ ಹಾಗೆ ಓಡಾಡಿತು. ಗಿಡ್ಡ ಹುಡುಗನೊಬ್ಬನ ಪ್ಯಾಂಟಿನ ಉದ್ದಕ್ಕೆ ಅವನು ನೆಲದ ಮೇಲೆ ಮಂಡಿಯೂರಿದ. ತನ್ನ ಬಾಯಿಂದ ಬರುತ್ತಿರುವ ಮಾತುಗಳು, ಎಷ್ಟನೇ ಕ್ಲಾಸು, ಕೈ ಸ್ವಲ್ಪ ಎತ್ತು ಮಗು, ಬೆಳೆಯೋ ಹುಡುಗ ಅಲ್ವಾ, ಒಂದಿಂಚು ಬಿಡೋಣ, ಎಲ್ಲಿಂದ ಬರುತ್ತಿವೆ ಎಂದು ಅವನಿಗೆ ತಿಳಿಯಲಿಲ್ಲ. ಮೇಷ್ಟ್ರು ಮೆಚ್ಚಿ ತಲೆಯಾಡಿಸಿದರು. ಮಂಡಿಯಲ್ಲೇ ಇದ್ದವನು ಬಾಗಿಲ ಕಡೆ ಮುಖ ಮಾಡಿದಾಗ ಬೋಳ ಬಂದು ಬೋರ್ಡಿನ ಮೇಲೆ ಕೂತಿತು, ಕೊಕ್ಕಿನಲ್ಲಿ ಹಸಿರು ಹುಳ. ಸಂದಿ ಇದ್ದಲ್ಲಿಗೆ ಹಾರಿತು. ಈಗ ಅಲ್ಲಿ ಬರೀ ಸುತ್ತಿದ ತಗಡು. ಮತ್ತೆ ಬೋರ್ಡಿಗೆ ಬಂತು, ಮತ್ತೆ ಹಾರಿತು. ಹುಳ ಬೀಳಬಾರದೆಂದು ಬಾಯಿ ಬಿಗಿಹಿಡಿದು ಗಂಟಲಲ್ಲೇ ಕರೆಯಿತು. ಎದುರಿನ ಅಂಗಡಿಯಲ್ಲಿ ಕತ್ತರಿಯ ಸದ್ದು ನಿಂತಿತ್ತು. ಕ್ಷೌರದವನು ಹೊಸ್ತಿಲಿಗೆ ಬಂದು ಹಕ್ಕಿಯನ್ನು ನೋಡಿದ, ಪೆಟ್ಟಿಗೆಯನ್ನು ನೋಡಿದ, ಆಮೇಲೆ ಅವನನ್ನು ನೋಡಿದ. ತಿರುಗಿ ಒಳಗೆ ಹೋದ.

ಹೆಂಡತಿಯೂ ನೋಡಿದಳು. "ನೋಡಿ, ಮರಿ ಹಾರಿ ಹೋದ್ರೂ ಅವಕ್ಕೆ ಈ ಜಾಗ ಬಿಡೋಕೆ ಮನಸ್ಸಿಲ್ಲ" ಎಂದಳು, ಎಷ್ಟೋ ವಾರಗಳ ಮೇಲೆ ಅವನ ಕಡೆ ತಿರುಗಿ ಮುಖ ತುಂಬ ನಗುತ್ತ. ಪೆನ್ನು ಹಿಡಿದು ಕಾದಳು. ಬೋರ್ಡಿನ ಮೇಲೆ ಬೋಳ ಸ್ವಲ್ಪ ಹೊತ್ತು ಅತ್ತಿತ್ತ ನಡೆದಾಡಿತು, ನಿಂತಿತು, ತಲೆಯೆತ್ತಿ ಆ ಹುಳವನ್ನು ತಾನೇ ನುಂಗಿತು. "ಉದ್ದ, ಇಪ್ಪತ್ತೊಂಬತ್ತು" ಎಂದ ಅವನು. ಅಳತೆ ಸರಿಯಾಗಿತ್ತು.